ಭಾನುವಾರದ ಕೂಟ: ಆಲ್ಬಮ್ ಮತ್ತು ಅದರ ವಿಮರ್ಶೆಗಳು

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 4 ಗಂಟೆಗೆ, ತುಮಕೂರಿನ ಅಮಾನಿಕೆರೆ ಬಳಿಯ ನಮ್ಮ ಮನೆಯ ಮಹಡಿಯಲ್ಲಿ, ಅಮೆರಿಕದ ಗಾಯಕರಾದ ಬ್ರೂನೋ ಮಾರ್ಸ್ ಮತ್ತು ಆಂಡರ್ಸನ್ ಪಾಕ್ ಜೋಡಿ ‘ಸಿಲ್ಕ್ ಸೋನಿಕ್’ ಎಂಬ ಹೆಸರಿನಲ್ಲಿ 2021ರ ನವೆಂಬರ್‌ನಲ್ಲಿ ಹೊರತಂದ ‘ಆ್ಯನ್ ಈವ್ನಿಂಗ್ ವಿತ್ ಸಿಲ್ಕ್ ಸೋನಿಕ್’ ಆಲ್ಬಮ್ಮನ್ನು ಪೂರ್ತಿ ಕೇಳಿ, ಅದಕ್ಕೆ ಬಂದ ವಿಮರ್ಶೆಗಳ ಬಗ್ಗೆ ಮಾತನಾಡಲಿದ್ದೇವೆ. ಸುಮಾರು 31 ನಿಮಿಷದ ಆಲ್ಬಮ್ ಆದ್ದರಿಂದ ಎರಡು ಬಾರಿ ಕೇಳಲು ಸಮಯವಿದೆ.

ಅದರ ಮೊದಲ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದ ಹಾಡು) 2022ರಲ್ಲಿ ನಾಲ್ಕು ಗ್ರ್ಯಾಮಿ ಸಂಗೀತ ಪ್ರಶಸ್ತಿಗಳನ್ನು ಪಡೆಯಿತು. ವಿಮರ್ಶಕರಲ್ಲಿ ಬಹುಪಾಲು ಜನ ವಾದನದ ಅಚ್ಚುಕಟ್ಟುತನವನ್ನು ಮೆಚ್ಚಿದರಾದರೂ, ಕೆಲವರು ಇದು 1970ರ ದಶಕದ ಫಂಕ್ ಮತ್ತು ಸೋಲ್ ಎಂಬ, ಅಮೆರಿಕದ ಕಪ್ಪು ಜನರ ಸಂಗೀತ ಪ್ರಕಾರಗಳ ಚಂದದ ಅನುಕರಣೆಯಷ್ಟೇ ಎಂದರು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪಲಾರೆ. ಆ ದಶಕದಲ್ಲಿ ಪಾರ್ಲಿಮೆಂಟ್-ಫಂಕಡೆಲಿಕ್ ಎಂಬ ಫಂಕ್ ತಂಡಕ್ಕೆ ಬೇಸ್ ಗಿಟಾರ್ ನುಡಿಸಿದ ಬೂಟ್ಸಿ ಕಾಲಿನ್ಸ್ ಅವರೇ ಇಲ್ಲಿ ನಿರೂಪಕರಾಗಿ ಆರಂಭದಲ್ಲೇ ದನಿಗೊಟ್ಟಿರುವಾಗ, ಅದನ್ನು ಬರೀ ನಕಲು ಎನ್ನಲು ಮನಸ್ಸು ಬಾರದು. ಡ್ರಮ್ಮಿನ ಪೆಟ್ಟಿಗೂ ಬೇಸ್ ತಂತಿಯ ಮಿಡಿತಕ್ಕೂ ನಡುವಿನ ಸಣ್ಣ ಬಿಡುವನ್ನು ಹೆಡ್‌ಫೋನಿನಲ್ಲಿ ಒಮ್ಮೆ ಗಮನಿಸಿ ಬನ್ನಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಬೇಕೆಂದೂ, ತಾವು ಓದಿದ ಒಂದು ವಿಮರ್ಶೆಯ ಸಾರವನ್ನು ನಾಲ್ಕು ಸಾಲುಗಳಲ್ಲಿ ಬರೆದು ತರಬೇಕೆಂದೂ ಕೋರುತ್ತೇನೆ. ಒಳ್ಳೆಯ ಸ್ಪೀಕರ್ ಇರುವವರು ದಯವಿಟ್ಟು ನನಗೆ ಮೊದಲೇ ಹೇಳಿ.