ಕಾವಲು ಕೊಟ್ಟಾಯ್ತು, ನಮ್ಮ ಈರುಳ್ಳಿಗೇನು?

ಮಾನ್ಯ ಸಂಪಾದಕರೇ,

ನಮ್ಮ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಲ್ಲಿ ಬಾರ್ಕ್‌ಗೆ, ಅಂದ್ರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಜಾಗ ಕೊಟ್ಟು ಎಷ್ಟೋ ವರ್ಷ ಆಯ್ತು. ದನ ಕುರಿ ಮೇಯ್ತಿದ್ದ ಹುಲ್ಲುಗಾವಲಿಗೆ ಈಗ ಕಾಂಪೌಂಡು. ಊರಲ್ಲಿ ಈ ಮಾತು ತೆಗೆದ್ರೆ ಒಬ್ರು ಬಾಂಬ್ ಅಂತಾರೆ, ಇನ್ನೊಬ್ರು ಸೈನ್ಸ್ ಸಿಟಿ ಬಂತು ಸೈಟಿಗೆ ರೇಟು ಬಂತು ಅಂತಾರೆ, ಈ ಅಣು ವಿಜ್ಞಾನದಿಂದ ನಮ್ಮ ಈರುಳ್ಳಿಗೆ ಏನಾದ್ರೂ ಆಗುತ್ತಾ ಅಂತ ಮಾತ್ರ ಯಾರೂ ಕೇಳಲ್ಲ.

ನಗಬೇಡಿ. ಮಹಾರಾಷ್ಟ್ರದ ಲಾಸಲಗಾಂವ್‌ನಲ್ಲಿ ಇದೇ ಬಾರ್ಕ್‌ನೋರು ಈರುಳ್ಳಿಗೆ ಅಂತಾನೇ ಘಟಕ ಹಾಕಿ ಇಪ್ಪತ್ತು ವರ್ಷದ ಮೇಲಾಯ್ತು. ಕೋಬಾಲ್ಟ್-60 ಅನ್ನೋ ವಿಕಿರಣ ಸೂಸೋ ಲೋಹದಿಂದ ಬರೋ ಗಾಮಾ ಕಿರಣನ ಸ್ವಲ್ಪ ಹೊತ್ತು ಗೆಡ್ಡೆಗೆ ಬಿಡ್ತಾರೆ, ಒಳಗಿರೋ ಮೊಳಕೆ ಕಣ್ಣು ಅಲ್ಲಿಗೇ ನಿಂತೋಗುತ್ತೆ ಅಷ್ಟೇ. 2007ರಲ್ಲಿ ಅಮೆರಿಕಕ್ಕೆ ಮಾವಿನಹಣ್ಣು ಹೋಗಿದ್ದೂ ಅಲ್ಲಿ ಇದೇ ಥರ ಕಿರಣ ಬಿಡಿಸ್ಕೊಂಡೇ. ವಿಕಿರಣ ತಿನ್ನಿಸ್ತೀರಾ ಅಂತ ಕೆಲವರು ಹೆದರ್ತಾರೆ, ಎಕ್ಸ್‌ರೇ ತೆಗೆಸ್ಕೊಂಡೋನ ಮೈಯೊಳಗೆ ಎಕ್ಸ್‌ರೇ ಉಳ್ಕೊಳ್ಳುತ್ತಾ ಹೇಳಿ, ಇದೂ ಹಂಗೇ.

ಆದ್ರೆ ಒಂದು ಮಾತು ಮುಚ್ಚಿಡಬಾರ್ದು. ಕಿರಣ ಮೊಳಕೆ ತಡೆಯುತ್ತೆ, ಕೊಳೆ ತಡೆಯಲ್ಲ. ನಮ್ಮ ಕಡೆ ಜಾಸ್ತಿ ಮುಂಗಾರಿನ ಬೆಳೆ, ಕೀಳೋ ಹೊತ್ತಿಗೆ ಮಳೆ ಹಿಡ್ಕೊಳ್ಳುತ್ತೆ. ಹೋದ ಸಲ ನಾನು ರೇಟು ಬರ್ಲಿ ಅಂತ ಶೆಡ್ಡಲ್ಲಿಟ್ಟು ಅರ್ಧಕ್ಕರ್ಧ ಬದುವಿಗೆ ಸುರಿದೆ, ಆ ವಾಸನೆಗೆ ಎಮ್ಮೆನೂ ಆ ಕಡೆ ಹೋಗ್ಲಿಲ್ಲ, ಅದನ್ನ ಯಾವ ಗಾಮಾನೂ ಉಳಿಸ್ತಿರ್ಲಿಲ್ಲ. ಅದಕ್ಕೇ ಬರೀ ಘಟಕ ತಂದು ರಿಬ್ಬನ್ ಕತ್ತರಿಸಿದ್ರೆ ಸಾಲ್ದು, ಪಕ್ಕದಲ್ಲೇ ಗೆಡ್ಡೆ ಕತ್ತು ಒಣಗಿಸೋಕೆ ಗಾಳಿಯಾಡೋ ಶೆಡ್ಡು, ಇಡೋಕೆ ಗೋಡೌನು ಬೇಕು. ಇಷ್ಟಾದ್ರೆ ಹಿಂಗಾರು, ಬೇಸಿಗೆ ಬೆಳೆಯೋರಾದ್ರೂ ಕಿತ್ತ ವಾರದಲ್ಲೇ ಯಶವಂತಪುರಕ್ಕೆ ಲಾರಿ ಹತ್ತಿಸಿ ಬಂದಷ್ಟು ಬರ್ಲಿ ಅನ್ನೋದು ತಪ್ಪುತ್ತೆ.

ಶೇಂಗಾದಲ್ಲೂ ಅಷ್ಟೇ. ಬಾರ್ಕ್‌ನೋರ ಟಿಎಜಿ-24ರಂಥ ತಳಿ ಬಂದಿದ್ದೇ ಬೀಜಕ್ಕೆ ಕಿರಣ ಬಿಟ್ಟು, ಅದರಿಂದ ಬಂದ ತಳಿಗಳನ್ನ ಕ್ರಾಸ್ ಮಾಡಿ, ವರ್ಷಗಟ್ಟಲೆ ಆರಿಸಿ ಆರಿಸಿ. ಎಣ್ಣೆ ಮಿಲ್ಲಿನ ಊರು ನಮ್ದು, ಇಲ್ಲಿನ್ನೂ ಹಳೇ ಟಿಎಂವಿ-2ನೇ ಬಿತ್ತೋರು ಎಷ್ಟೋ ಜನ ಇದಾರೆ.

ಕರೆಂಟಿನ ವಿಷಯ ಜಾಸ್ತಿ ಬರೆಯಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್‌ವರೆಗೆ 962 ದಿನ ನಿಲ್ದೇ ಓಡಿ ಆಗ ವಿಶ್ವ ದಾಖಲೆ ಮಾಡ್ತು, ಖುಷಿನೇ, ನಮ್ಮ ಪಂಪ್‌ಸೆಟ್ಟಿಗೆ ಮಾತ್ರ ತ್ರೀಫೇಸ್ ಬರೋದು ರಾತ್ರಿನೇ.

ನೀರಿಂದು ಇನ್ನೂ ಮುಖ್ಯ. ನಮ್ಮ ಜಿಲ್ಲೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋದು ಮಕ್ಕಳ ಹಲ್ಲು ನೋಡಿದ್ರೇ ಗೊತ್ತಾಗುತ್ತೆ. ತೆಳು ಪೊರೆಯಲ್ಲಿ ಸೋಸಿ ಫ್ಲೋರೈಡ್ ತೆಗೆಯೋ ಮೆಂಬ್ರೇನ್ ತಂತ್ರಜ್ಞಾನ ಬಾರ್ಕ್ ಹತ್ರಾನೇ ಇದೆ. ನೀರಲ್ಲಿರೋ ಐಸೋಟೋಪ್, ಅಂದ್ರೆ ಒಂದೇ ಧಾತುವಿನ ಹಗುರ, ಭಾರದ ಪರಮಾಣು, ನೋಡಿ ಬೋರಿಗೆ ನೀರು ಎಲ್ಲಿಂದ ಇಳಿದು ಬರ್ತಿದೆ ಅಂತಾನೂ ಪತ್ತೆ ಹಚ್ತಾರೆ, ವೇದಾವತಿಗೆ ಕಟ್ಟಿರೋ ಚೆಕ್‌ಡ್ಯಾಂ ನೀರು ನಮ್ಮ ಬೋರಿಗೆ ಇಳೀತಿದ್ಯೋ ಇಲ್ವೋ ಅಂತ ಒಂದ್ಸಲ ನೋಡಿ ಹೇಳ್ಲಿ.

ಸಂಸದರು, ಕೃಷಿ, ತೋಟಗಾರಿಕೆ ಇಲಾಖೆಯೋರು ಬಾರ್ಕ್ ವಿಜ್ಞಾನಿಗಳನ್ನ ಒಂದು ದಿನ ಚಳ್ಳಕೆರೆ ಎಪಿಎಂಸಿ ಯಾರ್ಡಿಗೆ ಕರ್ಕೊಂಡು ಬರ್ಲಿ, ಈ ಸಲದ ಈರುಳ್ಳಿ ಕೀಳೋಕೆ ಮುಂಚೆ. ಸ್ಟೇಜು, ಶಾಮಿಯಾನ ಏನೂ ಬೇಡ, ಮೂಟೆ ಮೇಲೆ ಕೂತೇ ಮಾತಾಡೋಣ.

ಇಂತಿ,
ಒಬ್ಬ ಈರುಳ್ಳಿ ಬೆಳೆಗಾರ,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ