ಮಳೆಯಲ್ಲಿ ಕಾರಿನ ಗಾಜು ಮಬ್ಬಾಗುತ್ತಿದ್ದರೆ ಮೊದಲು ಮ್ಯಾಟ್ ಎತ್ತಿ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಘಾಟಿಯಲ್ಲಾದ ಅಪಘಾತಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ರಸ್ತೆ ಗುಂಡಿ, ಅತಿವೇಗ, ಹೊರಗಿನ ಮಂಜು ಎಂದು ಕಾರಣ ಓದುತ್ತೇವೆ. ಕಾರಿನ ಒಳಗೇ ಗಾಜಿನ ಮೇಲೆ ಕಟ್ಟುವ ಮಬ್ಬಿನ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಅದು ಎಷ್ಟು ಅಪಾಯ ಅನ್ನುವುದು ಕಳೆದ ವರ್ಷ ಪುನರ್ವಸು ಮಳೆಯಲ್ಲಿ ನನಗೆ ಗೊತ್ತಾಯಿತು.

ಅಮ್ಮನನ್ನು ಕರೆದುಕೊಂಡು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೊರಟಿದ್ದೆವು. ಕಾರಿನಲ್ಲಿ ನಾಲ್ಕು ಜನ, ಎಲ್ಲರ ಬಟ್ಟೆಯೂ ಅರೆ ಒದ್ದೆ, ಕಾಲ ಬುಡದಲ್ಲಿ ನೀರಿಳಿಯುವ ಎರಡು ಕೊಡೆ. ಚಳಿ ಎಂದು ಎಸಿ ಆಫ್ ಮಾಡಿದ್ದೆ, ಹೊರಗಿನ ಗಾಳಿ ಒಳಗೆ ಬಾರದ ಹಾಗೆ ಬಟನ್ ಒತ್ತಿದ್ದೆ, ಕಿಟಕಿಯೂ ಪೂರ್ತಿ ಮುಚ್ಚಿತ್ತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮೂರೋ ನಾಲ್ಕೋ ಇಳಿದಿದ್ದೆವು ಅಷ್ಟೇ. ಎದುರಿನ ಗಾಜು ಒಂದೇ ಸಲಕ್ಕೆ ಬೆಳ್ಳಗಾಯಿತು. ಕೈಯಲ್ಲಿ ಒರೆಸಿದರೆ ಅರೆ ನಿಮಿಷ ಕಾಣುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಮೇಲೆ ಹತ್ತುತ್ತಿದ್ದ ಒಂದು ಮಿನಿ ಬಸ್ಸಿನ ದೀಪ ಎರಡು ಹಳದಿ ಉಂಡೆಯ ಹಾಗೆ ಕಂಡಿತೇ ಹೊರತು ಅದು ರಸ್ತೆಯ ಯಾವ ಬದಿಗಿದೆ ಅಂತಲೇ ತಿಳಿಯಲಿಲ್ಲ. ಬ್ರೇಕ್ ಹಾಕಿ ಪೂರ್ತಿ ನಿಲ್ಲಿಸಿಬಿಟ್ಟೆ. ಬಸ್ಸು ನಮ್ಮ ಕನ್ನಡಿಗೆ ಒಂದು ಗೇಣು ಬಿಟ್ಟು ಹೋಯಿತು. ಅಮ್ಮ ಒಂದು ಮಾತೂ ಆಡಲಿಲ್ಲ, ಘಾಟಿಯ ಬುಡದ ಸೋಮೇಶ್ವರ ಮುಟ್ಟುವವರೆಗೂ ಬಾಗಿಲ ಹಿಡಿಯನ್ನು ಬಿಡಲೇ ಇಲ್ಲ.

ಗಾಜು ಯಾಕೆ ಮಬ್ಬಾಗುತ್ತದೆ ಅಂತ ಆಮೇಲೆ ಕೂತು ಯೋಚಿಸಿದೆ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುತ್ತದಲ್ವಾ, ಅದೇ ಲೆಕ್ಕ. ಬೆಚ್ಚಗಿನ ಗಾಳಿ ಜಾಸ್ತಿ ತೇವ ಹಿಡಿದುಕೊಳ್ಳುತ್ತದೆ. 25 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 23 ಗ್ರಾಂ ನೀರಾವಿ ಹೊರಬಲ್ಲದು, 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಮಳೆಯಲ್ಲಿ ತಣ್ಣಗಾದ ಗಾಜಿಗೆ ಒಳಗಿನ ಬಿಸಿ ಉಸಿರು ತಗುಲಿದಾಗ ಉಳಿದ ನೀರು ಅಲ್ಲೇ ಕೂರುತ್ತದೆ. ನಾಲ್ಕು ಜನ ಒಂದು ಗಂಟೆ ಮುಚ್ಚಿದ ಕಾರಿನಲ್ಲಿ ಕೂತರೆ ಉಸಿರು, ಬೆವರು ಸೇರಿ ಹೆಚ್ಚುಕಡಿಮೆ ಒಂದು ಲೋಟ ನೀರನ್ನು ಗಾಳಿಗೆ ಬಿಟ್ಟಿರುತ್ತಾರೆ. ಒದ್ದೆ ಬಟ್ಟೆಯ ನೀರು ಬೇರೆ.

ಹಾಗಾದರೆ ಪರಿಹಾರ ಏನು? ಎಸಿ ಹಾಕಿ, ಆದರೆ ತಿರುಪನ್ನು ಬಿಸಿಯ ಕಡೆಗೆ ತಿರುಗಿಸಿ, ಎದುರಿನ ಗಾಜಿನ ಚಿತ್ರ ಇರುವ ಬಟನ್ ಒತ್ತಿ ಗಾಳಿಯನ್ನು ಆ ಗಾಜಿಗೆ ಬಿಡಿ, ಹೊರಗಿನ ಗಾಳಿ ಒಳಗೆ ಬರಲಿ. ಚಳಿಯಲ್ಲಿ ಎಸಿ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ, ನಾನೂ ಕೇಳುತ್ತಿದ್ದೆ. ಎಸಿಯ ಒಳಗಿನ ತಣ್ಣನೆ ಕೊಳವೆಗಳ ಮೇಲೆ ಗಾಳಿಯ ನೀರು ಹನಿಯಾಗಿ ಇಳಿದುಹೋಗುತ್ತದೆ, ಒಣಗಿದ ಆ ಗಾಳಿಯನ್ನು ಹೀಟರ್ ಬೆಚ್ಚಗೆ ಮಾಡುತ್ತದೆ. ಹಾಗೆ ಮಾಡಿದ ಗಾಳಿ ಗಾಜನ್ನು ಒಂದೆರಡು ನಿಮಿಷದಲ್ಲಿ ತಿಳಿ ಮಾಡುತ್ತದೆ. ಸ್ವಲ್ಪ ಪೆಟ್ರೋಲ್ ಜಾಸ್ತಿ ಹೋಗುತ್ತದೆ ನಿಜ. ಹೋಗಲಿ ಬಿಡಿ.

ಸೋಮೇಶ್ವರಕ್ಕೆ ಇಳಿದ ಮೇಲೆ ಇನ್ನೊಂದು ವಿಚಿತ್ರ ಆಯಿತು. ಅಷ್ಟರಲ್ಲಿ ಎಸಿ ಹಾಕಿದ್ದೆ, ಅದೂ ಪೂರ್ತಿ ತಣ್ಣಗೆ. ಗಾಜು ಮತ್ತೆ ಮಬ್ಬು. ಒಳಗಿನಿಂದ ಎಷ್ಟು ಒರೆಸಿದರೂ ಹೋಗಲಿಲ್ಲ, ವೈಪರ್ ಒಂದು ಸಲ ಆಡಿಸಿದ ಕೂಡಲೇ ಹೋಯಿತು. ಕರಾವಳಿಯ ಸೆಕೆ ಗಾಳಿ ನಮ್ಮ ತಣ್ಣನೆ ಗಾಜಿನ ಹೊರಮೈಗೆ ಕೂತಿತ್ತು. ಅದಕ್ಕೇ ಮೊದಲು ಬೆರಳಿನಿಂದ ಒಂದು ಗೀರು ಎಳೆದು ನೋಡಬೇಕು. ಗೀರು ಮೂಡಿದರೆ ಮಬ್ಬು ಒಳಗಿದೆ, ಮೂಡದಿದ್ದರೆ ಹೊರಗಿದೆ. ಹೊರಗಿದ್ದರೆ ವೈಪರ್ ಆಡಿಸಿ, ಎಸಿಯ ತಂಪು ಕಡಿಮೆ ಮಾಡಿ, ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿ.

ನಾನು ಬರೆಯಲು ಕೂತ ಮುಖ್ಯ ವಿಷಯ ಇನ್ನೂ ಬಂದಿಲ್ಲ. ಮೇಲೆ ಹೇಳಿದ್ದನ್ನೆಲ್ಲ ಮಾಡಿದರೂ ನಮ್ಮ ಕಾರಿನ ಗಾಜು ದಿನಾ ಬೆಳಿಗ್ಗೆ ಮಬ್ಬಾಗಿಯೇ ಇರುತ್ತಿತ್ತು. ರಾತ್ರಿಯಿಡೀ ಒಳಗೆ ಯಾರೂ ಇಲ್ಲ, ಆದರೂ ಒಳಮೈಯಲ್ಲಿ ನೀರ ಹನಿ. ಒಂದು ಗ್ಯಾರೇಜಿನಲ್ಲಿ ಮಳೆಗಾಲದಲ್ಲಿ ಎಲ್ಲಾ ಕಾರೂ ಹೀಗೇ ಸರ್ ಅಂದರು, ಎಸಿ ಗ್ಯಾಸ್ ತುಂಬಿಸಿ ದುಡ್ಡು ತೆಗೆದುಕೊಂಡರು. ಒಂದು ಪೈಸೆಯಷ್ಟೂ ಪ್ರಯೋಜನ ಆಗಲಿಲ್ಲ. ಕೊನೆಗೆ ದಾರಿ ತೋರಿಸಿದವರು ಮೂವತ್ತು ವರ್ಷದಿಂದ ಬಾಡಿಗೆ ಕಾರು ಓಡಿಸುತ್ತಿರುವ ನಮ್ಮ ಬೀದಿಯ ಹಿರಿಯರೊಬ್ಬರು. ಯಾರೂ ಕೂರದ ಕಾರಿನಲ್ಲಿ ಹಬೆ ಬರುತ್ತಿದೆ ಅಂದರೆ ನೀರು ಒಳಗೇ ಇದೆ, ಮ್ಯಾಟ್ ಎತ್ತಿ ಅಂದರು. ಎತ್ತಿದೆ. ರಬ್ಬರ್ ಮ್ಯಾಟಿನ ಕೆಳಗೆ ಕಾರ್ಪೆಟ್ ಒಣಗಿದಂತೆಯೇ ಕಾಣುತ್ತಿತ್ತು. ಅಂಗೈ ಒತ್ತಿದಾಗ ಅದರಡಿಯ ಸ್ಪಂಜಿನಿಂದ ನೀರು ಉಕ್ಕಿತು. ಮೂಲೆಯಲ್ಲಿ ಬೂಷ್ಟು ಹಿಡಿದಿತ್ತು. ಆ ವಾಸನೆಯನ್ನು ನಾವು ಇಷ್ಟು ದಿನ ಮಳೆಗಾಲದ ವಾಸನೆ ಅಂದುಕೊಂಡಿದ್ದೆವು.

ನೀರು ಎಲ್ಲಿಂದ ಅನ್ನುವುದನ್ನು ಹುಡುಕುವುದು ಕಷ್ಟವೇನಲ್ಲ, ತಾಳ್ಮೆ ಬೇಕು. ನಮ್ಮ ಕಾರು ನಿಲ್ಲುವುದು ನೆಲ್ಲಿ ಮರದ ಕೆಳಗೆ. ಅದರ ಸಣ್ಣ ಎಲೆ ಬೇಸಿಗೆಯಿಡೀ ವೈಪರ್ ಬುಡದ ಜಾಲರಿಯೊಳಗೆ ಉದುರಿ, ಮಳೆಗೆ ಕೊಳೆತು, ನೀರು ಹೋಗುವ ತೂತನ್ನು ಮುಚ್ಚಿಬಿಟ್ಟಿತ್ತು. ಒಂದು ಬಾಟಲಿ ನೀರನ್ನು ಆ ಜಾಲರಿಗೆ ಸುರಿದು ನೋಡಿದೆವು. ಮುಂದಿನ ಚಕ್ರದ ಹತ್ತಿರ ಕೆಳಗೆ ಸುರಿಯಬೇಕಾದ ನೀರು ಒಳಗೆ ಕಾಲಿಡುವ ಜಾಗಕ್ಕೆ ಇಳಿಯಿತು. ಒಂದು ಹಿಡಿ ಕಪ್ಪು ಗೊಬ್ಬರ ತೆಗೆದ ಮೇಲೆ ಸರಾಗವಾಗಿ ಹೊರಗೇ ಹೋಯಿತು.

ಎಲ್ಲರದ್ದೂ ಇದೇ ಕಾರಣ ಆಗಿರಬೇಕಿಲ್ಲ. ಮಳೆ ಇಲ್ಲದ ದಿನವೂ ಎಸಿ ಹಾಕಿದಾಗ ಮುಂದಿನ ಎಡಗಡೆ ಕಾರ್ಪೆಟ್ ಒದ್ದೆ ಆಗುತ್ತಿದ್ದರೆ, ಕಾರಿನ ಕೆಳಗೆ ಎಸಿ ನೀರು ಹನಿಯುತ್ತಿಲ್ಲದಿದ್ದರೆ, ಎಸಿಯ ನೀರಿನ ಪೈಪು ಕಟ್ಟಿಕೊಂಡಿದೆ ಅಂತ ಅರ್ಥ. ಸನ್‌ರೂಫ್ ಇರುವ ಕಾರುಗಳಲ್ಲಿ ಮೂಲೆಗಳಿಂದ ಇಳಿಯುವ ಸಣ್ಣ ಪೈಪುಗಳು ಕಟ್ಟಿಕೊಳ್ಳುತ್ತವೆ. ಅದಕ್ಕೆ ಜೋರಾಗಿ ಗಾಳಿ ಊದಿಸಬೇಡಿ, ಪೈಪು ಒಳಗೇ ಕಳಚಿಕೊಂಡರೆ ಕೆಲಸ ದೊಡ್ಡದಾಗುತ್ತದೆ. ಬಾಗಿಲಿನ ರಬ್ಬರ್ ಹರಿದಿದೆಯೇ ನೋಡಿ. ಒಳಗೆ ಬರುವ ಗಾಳಿಯನ್ನು ಸೋಸುವ, ಡ್ಯಾಶ್‌ಬೋರ್ಡಿನಡಿಯ ಕ್ಯಾಬಿನ್ ಫಿಲ್ಟರ್ ಧೂಳು ತುಂಬಿ ಕಟ್ಟಿಕೊಂಡಿದ್ದರೆ ಗಾಜಿಗೆ ಗಾಳಿಯೇ ಸರಿಯಾಗಿ ಬರುವುದಿಲ್ಲ. ಇನ್ನೊಂದು ಲಕ್ಷಣ ಮಾತ್ರ ಬೇರೆಯೇ: ಹೀಟರ್ ಹಾಕಿದಾಗ ಸಿಹಿ ವಾಸನೆ, ಗಾಜಿನ ಮೇಲೆ ಎಣ್ಣೆಯಂಥ ಜಿಡ್ಡು, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಪದೇ ಪದೇ ಕಡಿಮೆ ಆಗುವುದು. ಅದು ಹೀಟರಿನೊಳಗಿನ ಸೋರಿಕೆ. ಅದನ್ನು ಮುಂದೂಡದೆ ಮೆಕ್ಯಾನಿಕ್‌ಗೆ ತೋರಿಸಿ, ಎಂಜಿನ್ ಬಿಸಿ ಇರುವಾಗ ಕೂಲೆಂಟಿನ ಮುಚ್ಚಳ ತೆರೆಯಬೇಡಿ.

ಕಾರ್ಪೆಟ್ ಒಣಗಿಸುವುದೇ ನಮಗೆ ದೊಡ್ಡ ಕೆಲಸವಾಯಿತು. ಮಲೆನಾಡಿನಲ್ಲಿ ಜುಲೈ ತಿಂಗಳಿನಲ್ಲಿ ಬಿಸಿಲು ಎಲ್ಲಿಂದ ತರುವುದು? ಹಳೆ ಪತ್ರಿಕೆಗಳನ್ನು ಮಡಿಸಿ ಸ್ಪಂಜಿನ ಕೆಳಗೆ, ಮೇಲೆ ಇಟ್ಟು ಬೆಳಿಗ್ಗೆ ಸಂಜೆ ಬದಲಾಯಿಸಿದೆವು. ಮಳೆ ಬಿಟ್ಟಾಗ ಕಾರನ್ನು ಬಯಲಿಗೆ ತಂದು, ಕಿಟಕಿ ತೆರೆದು, ಹೀಟರ್ ಓಡಿಸಿದೆವು. ಮುಚ್ಚಿದ ಶೆಡ್ಡಿನಲ್ಲಿ ಹಾಗೆ ಮಾಡಬಾರದು, ಹೊಗೆಯಿಂದ ಪ್ರಾಣಕ್ಕೇ ಅಪಾಯ. ಆರನೇ ದಿನಕ್ಕೆ ಪತ್ರಿಕೆ ಒಣಗಿಯೇ ಹೊರಗೆ ಬಂತು. ಗಾಜಿನ ಒಳಮೈಯನ್ನೂ ಅದೇ ಕಾಗದದಲ್ಲಿ ಚೆನ್ನಾಗಿ ಒರೆಸಿದೆ, ಯಾಕೆಂದರೆ ಜಿಡ್ಡು ಇರುವ ಗಾಜಿಗೆ ಹಬೆ ಬೇಗ ಕೂರುತ್ತದೆ. ಕೈಯಲ್ಲಿ ಒರೆಸಿ ಒರೆಸಿ ಆ ಜಿಡ್ಡನ್ನು ನಾವೇ ಹಚ್ಚಿರುತ್ತೇವೆ. ಮರುದಿನ ಬೆಳಿಗ್ಗೆ ಗಾಜು ತಿಳಿಯಾಗಿತ್ತು.

ನಾನು ಕಾರು ಕಲಿತಾಗ ಕ್ಲಚ್ಚು, ಗೇರು, ಎಂಟರ ಆಕಾರ ಎಲ್ಲ ಕಲಿಸಿದರು. ಗಾಜಿನ ಚಿತ್ರ ಇರುವ ಆ ಬಟನ್ ಯಾವುದಕ್ಕೆ ಅಂತ ಒಬ್ಬರೂ ಹೇಳಲಿಲ್ಲ. ಹೊಸ ಕಾರಿನ ಕೀ ಕೊಟ್ಟ ದಿನವೂ ಯಾರೂ ತೋರಿಸಲಿಲ್ಲ. ಡ್ರೈವಿಂಗ್ ಶಾಲೆಯವರು ಇದಕ್ಕೆ ಹತ್ತು ನಿಮಿಷ ಕೊಡಲಿ. ಗ್ಯಾರೇಜಿನವರು ಮೇ ತಿಂಗಳ ಸರ್ವಿಸ್‌ನಲ್ಲಿ ಜಾಲರಿಗೆ ಒಂದು ಚೊಂಬು ನೀರು ಸುರಿದು ನೋಡಲಿ. ತಾವೂ ಜೂನ್‌ಗೆ ಮುಂಚೆ ಒಂದು ಸಲ ಇದರ ಬಗ್ಗೆ ಚಿತ್ರ ಸಮೇತ ಪ್ರಕಟಿಸಿದರೆ ಘಾಟಿ ದಾರಿಯಲ್ಲಿ ಓಡಾಡುವವರಿಗೆಲ್ಲ ಉಪಕಾರವಾಗುತ್ತದೆ.

ನನಗೆ ಜಾಸ್ತಿ ಭಯ ಇರುವುದು ಶಾಲೆ ಮಕ್ಕಳನ್ನು ಕರೆದೊಯ್ಯುವ ವ್ಯಾನುಗಳ ಬಗ್ಗೆ. ಎಷ್ಟೋ ವ್ಯಾನುಗಳಲ್ಲಿ ಎಸಿ ಇರುವುದಿಲ್ಲ, ಒಳಗೆ ಹತ್ತು ಹನ್ನೆರಡು ಒದ್ದೆ ರೇನ್‌ಕೋಟು, ಮಳೆ ಬರುತ್ತದೆಂದು ಕಿಟಕಿ ಎಲ್ಲ ಮುಚ್ಚಿರುತ್ತದೆ. ಡ್ರೈವರ್ ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ಓಡಿಸುವುದನ್ನು ನಮ್ಮೂರಿನಲ್ಲಿ ದಿನಾ ನೋಡುತ್ತೇನೆ. ಕಿಟಕಿಯ ಮೇಲಂಚಿಗೆ ಅಂಟಿಸುವ ಪ್ಲಾಸ್ಟಿಕ್ ವೈಸರ್ ಹಾಕಿಸಿದರೆ ಮಳೆಯಲ್ಲೂ ಗಾಜನ್ನು ಎರಡು ಬೆರಳಷ್ಟು ಇಳಿಸಿಡಬಹುದು, ಅದಕ್ಕೆ ದೊಡ್ಡ ಖರ್ಚೇನಿಲ್ಲ. ರೇನ್‌ಕೋಟುಗಳನ್ನು ಮುಚ್ಚಳ ಇರುವ ಒಂದು ಡಬ್ಬಿಗೆ ಹಾಕಿಸಲಿ. ವ್ಯಾನ್ ಮಾಲೀಕರು ದಯವಿಟ್ಟು ಈ ಭಾನುವಾರವೇ ಮ್ಯಾಟ್ ಎತ್ತಿ, ಕಾರ್ಪೆಟ್ ಮೇಲೆ ಅಂಗೈ ಒತ್ತಿ ನೋಡಲಿ.

ಇಂತಿ,
ನಿಮ್ಮ ಓದುಗ,
ತೀರ್ಥಹಳ್ಳಿ