ಬಿನ್ನಿಯವರ 211 ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

1983ರ ವಿಶ್ವಕಪ್ ಕುರಿತು ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆವು. ರೋಜರ್ ಬಿನ್ನಿ ಅವರನ್ನು ‘18 ವಿಕೆಟ್ ಕಿತ್ತ ಮಧ್ಯಮ ವೇಗಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬೇರೆ ಊರಿನವರಿಗೆ ಅಷ್ಟು ಸಾಕಿರಬಹುದು, ಚಿಕ್ಕಮಗಳೂರಿನವರಿಗೆ ಸಾಲದು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ಗರಿಷ್ಠ ಮೊತ್ತ ಔಟಾಗದೆ 211 ಬಂದದ್ದು ಇದೇ ಊರಿನ ನೇತಾಜಿ ಸುಭಾಷ್‌ಚಂದ್ರ ಬೋಸ್ ಕ್ರೀಡಾಂಗಣದಲ್ಲಿ. 1977–78ರ ರಣಜಿ ಪಂದ್ಯ, ಎದುರಾಳಿ ಕೇರಳ. ಜೊತೆಗೆ ಇನಿಂಗ್ಸ್ ಆರಂಭಿಸಿದ ಸಂಜಯ್ ದೇಸಾಯಿ ಔಟಾಗದೆ 218. ಕರ್ನಾಟಕ ಒಂದೂ ವಿಕೆಟ್ ಕಳೆದುಕೊಳ್ಳದೆ 451ಕ್ಕೆ ಡಿಕ್ಲೇರ್ ಮಾಡಿತು. (ಕೂಡಿ ನೋಡಿ: ಇತರೆ ರನ್ನೇ 22!) ರಣಜಿಯ ಮೊದಲ ವಿಕೆಟ್ ಜೊತೆಯಾಟದ ಆ ದಾಖಲೆ ಮುರಿದದ್ದು 1994–95ರಲ್ಲಿ, ದೆಹಲಿಯ ರವಿ ಸೆಹಗಲ್ ಮತ್ತು ರಮಣ್ ಲಾಂಬಾ 464 ಸೇರಿಸಿದಾಗ.

ಅಂದರೆ ಬಿನ್ನಿ ಬ್ಯಾಟು ಬೀಸಬಲ್ಲ ಬೌಲರ್ ಅಲ್ಲ, ಇನಿಂಗ್ಸ್ ಆರಂಭಿಸುವ ಬ್ಯಾಟ್ಸ್‌ಮನ್. ಹೊಸ ಚೆಂಡನ್ನೂ ಹಿಡಿಯಬಲ್ಲವರು. ಪ್ರಥಮ ದರ್ಜೆಯಲ್ಲಿ 14 ಶತಕ ಇರುವ ಆಟಗಾರನಿಗೆ 27 ಟೆಸ್ಟ್‌ಗಳಲ್ಲಿ ಒಂದೂ ಶತಕವಿಲ್ಲ. 830 ರನ್, 47 ವಿಕೆಟ್. ಭಾರತ ತಂಡದಲ್ಲಿ ಅವರ ಪಾಲಿಗೆ ಹೆಚ್ಚಾಗಿ ಬಂದದ್ದು ಕೆಳಗಿನ ಕ್ರಮಾಂಕ ಎಂಬುದನ್ನು ಮರೆತು ಬರೀ ಸರಾಸರಿ ನೋಡಿದರೆ ಲೆಕ್ಕ ತಪ್ಪುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದ ಎದುರು ಭಾರತ 85 ರನ್‌ಗೆ 6 ವಿಕೆಟ್ ಕಳೆದುಕೊಂಡಿದ್ದಾಗ ಮದನ್ ಲಾಲ್ ಜೊತೆ ಏಳನೇ ವಿಕೆಟ್‌ಗೆ 155 ಸೇರಿಸಿದರು. ಬಿನ್ನಿ ಔಟಾಗದೆ 83. ಟೆಸ್ಟ್‌ನಲ್ಲಿ ಅದೇ ಅವರ ಗರಿಷ್ಠ. ಆ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ಎದುರು ಟನ್‌ಬ್ರಿಜ್ ವೆಲ್ಸ್‌ನಲ್ಲಿ 17 ರನ್‌ಗೆ 5 ವಿಕೆಟ್ ಬಿದ್ದ ಮೇಲೆ ಕಪಿಲ್ ಜೊತೆ ನಿಂತು 60 ರನ್ ಸೇರಿಸಿದ್ದೂ ಇವರೇ. ಸ್ವಂತದ್ದು 22 ಮಾತ್ರ, ಹಾಗಾಗಿ ಕಪಿಲ್ ಅವರ 175ರ ನೆರಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಬೌಲಿಂಗ್. ಇಂಗ್ಲೆಂಡಿನಲ್ಲಿ ಅವರಿಗೆ ವಿಕೆಟ್ ಸಿಕ್ಕದ್ದು ‘ವಾತಾವರಣ ಕೈಹಿಡಿದು’ ಎಂದು ಬರೆದಿದ್ದೀರಿ. ಅರ್ಧ ನಿಜ. ಹೊಸ ಚೆಂಡಿನ ಮಾಮೂಲಿ ಸ್ವಿಂಗ್ (ಗಾಳಿಯಲ್ಲೇ ಪಕ್ಕಕ್ಕೆ ಬಾಗುವುದು) ಹೆಚ್ಚು ಸಿಗುವುದು ಗಂಟೆಗೆ 110–120 ಕಿ.ಮೀ. ಆಸುಪಾಸಿನಲ್ಲಿ, 140 ದಾಟಿದರೆ ಕಡಿಮೆಯಾಗುತ್ತದೆ. ಔಟ್‌ಸ್ವಿಂಗ್, ಅಂದರೆ ಚೆಂಡು ಬಲಗೈ ಬ್ಯಾಟ್ಸ್‌ಮನ್‌ನಿಂದ ಹೊರಕ್ಕೆ ಬಾಗಬೇಕೆಂದರೆ ಸೀಮ್ (ಚೆಂಡಿನ ಹೊಲಿಗೆ) ಮೊದಲ ಸ್ಲಿಪ್ ಕಡೆ ಸ್ವಲ್ಪ ಓರೆಯಾಗಿರಬೇಕು, ಹೊಳಪಿನ ಮೈ ಲೆಗ್ ಕಡೆಗೆ. ತೋರುಬೆರಳು, ನಡುಬೆರಳು ಸೀಮ್‌ನ ಅಕ್ಕಪಕ್ಕ, ಹೆಬ್ಬೆರಳು ಕೆಳಗೆ ಸೀಮ್ ಮೇಲೆಯೇ. ಚೆಂಡು ಅಂಗೈಗೆ ತಾಗಬಾರದು. ಬಿಡುವಾಗ ಮಣಿಕಟ್ಟು ಚೆಂಡಿನ ಹಿಂದೆ ನೆಟ್ಟಗಿರಬೇಕು. ಪಕ್ಕಕ್ಕೆ ಬಿದ್ದರೆ ಸೀಮ್ ತೂರಾಡುತ್ತದೆ, ಮೋಡ ಎಷ್ಟಿದ್ದರೂ ಚೆಂಡು ಸ್ವಿಂಗ್ ಆಗುವುದಿಲ್ಲ. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿಕೆಟ್ ಕಳೆದುಕೊಳ್ಳದೆ 69 ಮಾಡಿದ್ದಾಗ ಆರಂಭಿಕರಿಬ್ಬರನ್ನೂ ಕಿತ್ತದ್ದು, ಫೈನಲ್‌ನಲ್ಲಿ 10 ಓವರ್‌ಗೆ 23 ರನ್ ಕೊಟ್ಟು ವೆಸ್ಟ್ ಇಂಡೀಸ್ ನಾಯಕ ಲಾಯ್ಡ್ ಅವರನ್ನು ಕಪಿಲ್ ಕೈಗೆ ಕೊಡಿಸಿದ್ದು ಈ ಹಿಡಿತದಿಂದ. ಬರೀ ಮೋಡದ ಕೆಲಸವಾಗಿದ್ದರೆ 1987ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ 6 ವಿಕೆಟ್ 56 ರನ್‌ಗೆ ಬೀಳುತ್ತಿರಲಿಲ್ಲ.

ನಮ್ಮ ಹಾಸನ, ಚಿಕ್ಕಮಗಳೂರಿನ ಹುಡುಗರಿಗೆ ಈ ಹಿಡಿತ ಕಷ್ಟ, ಕಾರಣವೂ ಇದೆ. ಟೆನಿಸ್ ಬಾಲ್ ಟೂರ್ನಿಗಳಲ್ಲಿ ಕೈ ಪಳಗಿರುತ್ತದೆ. ಆ ಚೆಂಡಿಗೆ ಎದ್ದು ನಿಂತ ಸೀಮೇ ಇಲ್ಲ. ಲೆದರ್ ಬಾಲ್ ಕೈಗೆ ಬಂದಾಗಲೂ ಹೇಗೆಂದರೆ ಹಾಗೆ ಹಿಡಿಯುತ್ತಾರೆ. ಮ್ಯಾಟ್ ಮೇಲೆ ಆಡಿದರೆ ಚೆಂಡಿನ ಎರಡೂ ಮೈ ಬೇಗ ತರಿಯಾಗುತ್ತದೆ. ಒಂದು ಮೈಯನ್ನು ಮೊದಲ ಓವರ್‌ನಿಂದಲೇ ಬೆವರಿನಿಂದ ಉಜ್ಜಿ ಕಾಪಾಡಬೇಕು. ಎಂಜಲು ಹಚ್ಚುವುದನ್ನು ಐಸಿಸಿ 2022ರಲ್ಲಿ ಕಾಯಂ ನಿಷೇಧಿಸಿದೆ. ಹಳೆಯ ಚೆಂಡಿನ ಅರ್ಧಕ್ಕೆ ಬಿಳಿ ಬಣ್ಣ ಬಳಿದು ನೆಟ್ಸ್‌ನಲ್ಲಿ ಹಾಕಿಸಿ ನೋಡಿ. ಎರಡು ಬಣ್ಣ ಬೇರೆಬೇರೆಯಾಗಿ ಕಂಡರೆ ಮಣಿಕಟ್ಟು ಸರಿಯಿದೆ, ಕಲಸಿಕೊಂಡು ಕಂಡರೆ ಬಿದ್ದಿದೆ.

ಇದಕ್ಕಿಂತ ದೊಡ್ಡ ತಪ್ಪು ತಂಡದ ಪಟ್ಟಿ ಬರೆಯುವಾಗ ಆಗುತ್ತದೆ. ‘ಆಲ್‌ರೌಂಡರ್’ ಎಂದು ಬರೆದು ಎಂಟನೇ ಕ್ರಮಾಂಕ, ಎರಡು ಓವರ್ ಕೊಟ್ಟು ಕೂರಿಸುತ್ತಾರೆ. ಆ ಹುಡುಗ ಎರಡನ್ನೂ ಕಲಿಯುವುದಿಲ್ಲ. ಶಾಲಾ ಪಂದ್ಯಗಳಲ್ಲಿ ಅವನಿಗೆ ಇನಿಂಗ್ಸ್ ಆರಂಭಿಸಲು ಬಿಡಿ, ಹೊಸ ಚೆಂಡೂ ಕೊಡಿ. ಬೌಲಿಂಗ್ ಅತಿಯಾದರೆ ಕೆಳಬೆನ್ನಿನ ಮೂಳೆ ಬಿರುಕು ಬಿಡುವ ಅಪಾಯವಿದೆ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಗಿಸಿ ಎಸೆಯುವವರಿಗೆ ಇನ್ನೂ ಹೆಚ್ಚು. 13 ವರ್ಷದೊಳಗಿನ ವೇಗಿಗಳಿಗೆ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಹಾಕಿಕೊಂಡ ಮಿತಿ ಒಂದು ಸ್ಪೆಲ್‌ಗೆ (ಒಂದು ಸರದಿಗೆ) 5 ಓವರ್, ದಿನಕ್ಕೆ 10. ನಮಗೂ ಅದು ಸಾಕು.

ಆ ಜೊತೆಯಾಟದ ಫಲಕವೊಂದನ್ನು ನಮ್ಮ ಕ್ರೀಡಾಂಗಣದ ಗೇಟಿನ ಬಳಿ ಎಲ್ಲರಿಗೂ ಕಾಣುವಂತೆ ಹಾಕಲಿ ಎಂದು ಕೋರುತ್ತೇವೆ. ಎರಡು ಹೆಸರು, ಎರಡು ಮೊತ್ತ, ಋತು, ಎದುರಾಳಿ, ಇಷ್ಟಿದ್ದರೆ ಆಯಿತು. ಬರೆಯುವವರು 218, 211, 451 ಈ ಮೂರರ ಪಕ್ಕದಲ್ಲೂ ‘ಔಟಾಗದೆ’ ಎಂದು ಸೂಚಿಸುವ ನಕ್ಷತ್ರ ಚಿಹ್ನೆ ಬಿಡದಿರಲಿ. ಯಾರೂ ಔಟಾಗಿಲ್ಲ.

– ಕೆಲವು ಓದುಗರು, ಚಿಕ್ಕಮಗಳೂರು